ಪೇಟಿಗೊಂದು ಸೀಟು

ನಮ್ಮ ತಂಡದಲ್ಲಿ ಐದು ಜನ ಇದ್ದೇವೆ. ಸಾಮಾನು ಮಾತ್ರ ಹದಿನೈದು ಜನರಷ್ಟಿದೆ. ಕೀಬೋರ್ಡ್, ಆಕ್ಟೋಪ್ಯಾಡ್, ತಬಲಾ-ದಗ್ಗಾ ಜೋಡಿ, ಒಂದು ಗಿಟಾರ್, ಸಣ್ಣ ಮಿಕ್ಸರ್, ನಾಲ್ಕು ಮೈಕು, ಅವುಗಳ ಸ್ಟ್ಯಾಂಡುಗಳು, ಆಮೇಲೆ ಎಷ್ಟು ಬಿಡಿಸಿದರೂ ಮುಗಿಯದ ವಾಯರುಗಳು. ಗ್ಯಾದರಿಂಗ್‌ನಲ್ಲಿ ನಮ್ಮನ್ನು ನೋಡಿದವರು ಹಾಡು ಹೇಗಿತ್ತು ಅಂತ ಹೇಳ್ತಾರೆ, ಕೆಲವರು ಬೈತಾರೆ ಕೂಡ. ಬಾಗಲಕೋಟೆಯಿಂದ ಬಾದಾಮಿಗೆ, ಹುನಗುಂದಕ್ಕೆ, ಇಳಕಲ್ಲಿಗೆ ಈ ಸಾಮಾನು ಹೇಗೆ ಹೋಗಿ ಹೇಗೆ ವಾಪಸ್ ಬರತ್ತೆ ಅಂತ ಮಾತ್ರ ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳ್ತೀವಿ, ಯಾಕಂದರೆ ನಮ್ಮ ಅರ್ಧ ಕಾರ್ಯಕ್ರಮ ನಡೆಯೋದು ರಸ್ತೆಯಲ್ಲೇ.

ಮೊದಲು ರೊಕ್ಕದ ಮಾತು. ಒಂದು ಊರಿಗೆ ಹೋದರೆ ನಮಗೆ ಸಿಗೋದು ಐದಾರು ಸಾವಿರ. ಟಾಟಾ ಏಸ್ ಮಾಡಿಕೊಂಡು ಹೋದರೆ ಅದರಲ್ಲಿ ಅರ್ಧ ಗಾಡಿಗೇ ಹೋಗತ್ತೆ. ಹಾಗಾಗಿ ಕೆಂಪು ಬಸ್ಸು, ಕ್ರೂಸರ್, ಟಂಟಂ, ಬಾದಾಮಿಗಾದರೆ ಒಮ್ಮೊಮ್ಮೆ ರೈಲು. ಒಳಗೆ ಫೋಮು, ಹೊರಗೆ ಅಲ್ಯೂಮಿನಿಯಂ ಮೂಲೆ ಇರೋ ಗಟ್ಟಿ ಕೇಸುಗಳನ್ನು ಆನ್‌ಲೈನಿನಲ್ಲಿ ನೋಡಿದ್ದೇವೆ. ಬೆಲೆ ನೋಡಿ ಆ್ಯಪ್ ಮುಚ್ಚಿದ್ದೇವೆ.

ದೊಡ್ಡ ಊರಿನವರಿಗೂ ಈ ಕಷ್ಟ ತಪ್ಪಿದ್ದಲ್ಲ. ಕೆನಡಾದ ಹಾಡುಗಾರ ಡೇವ್ ಕ್ಯಾರೊಲ್ 2008ರಲ್ಲಿ ವಿಮಾನದಲ್ಲಿ ಹೋಗುವಾಗ ಅವರ ಟೇಲರ್ ಗಿಟಾರ್ ಮುರಿದುಹೋಯಿತು. ತಿಂಗಳುಗಟ್ಟಲೆ ಪರಿಹಾರ ಕೇಳಿ ಸಿಗದೆ, ಮರುವರ್ಷ ಅದರ ಮೇಲೇ ಹಾಡು ಕಟ್ಟಿ ಯೂಟ್ಯೂಬಿಗೆ ಹಾಕಿದರು. ಲಕ್ಷಗಟ್ಟಲೆ ಜನ ನೋಡಿದರು. ನಮ್ಮ ಕ್ರೂಸರಿನ ಮೇಲೆ ನಾವೂ ಹಾಡು ಕಟ್ಟಬಹುದು. ಆದರೆ ಮರುದಿನ ಅದೇ ಕ್ರೂಸರಿಗೆ ಕೈ ಮಾಡಬೇಕಲ್ಲ!

ಬೀಳೋದು, ಒಡೆಯೋದು ಎಲ್ಲರಿಗೂ ಗೊತ್ತಿರೋ ಭಯ. ನಮ್ಮ ಕಡೆ ಅದಕ್ಕಿಂತ ದೊಡ್ಡದು ಬಿಸಿಲು ಮತ್ತು ಧೂಳು. ತಬಲಾದ ತೊಗಲು ಒಣ ಶಾಖಕ್ಕೆ ಬಿಗಿಯಾಗಿ ಸ್ವರ ಮೇಲೇರತ್ತೆ, ಥಂಡಿಗೆ ಸಡಿಲಾಗಿ ಕೆಳಗಿಳಿಯತ್ತೆ. ನಡುವಿನ ಕಪ್ಪು ಶಾಯಿ ಅಂದರೆ ಬಣ್ಣ ಅಲ್ಲ. ಕಬ್ಬಿಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಪದರ ಪದರವಾಗಿ ತಿಕ್ಕಿ ಕೂರಿಸಿದ್ದು. ಅತಿ ಒಣಗಿದರೆ ಹೆಕ್ಕಳಿಕೆ ಏಳತ್ತೆ. ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಒಂದು ತಾಸಿನಲ್ಲಿ ಹೊರಗಿಗಿಂತ ಇಪ್ಪತ್ತು ಡಿಗ್ರಿ ಏರಬಹುದು. ಇಳಕಲ್ಲಿನಲ್ಲಿ ಹೊರಗೇ 40 ಇದ್ದರೆ ಒಳಗಿನ ಲೆಕ್ಕ ನೀವೇ ಹಾಕಿ. ಆ ಶಾಖಕ್ಕೆ ಗಿಟಾರಿನ ಮರ ಕೂಡಿಸಿದ ಅಂಟೇ ಮೆತ್ತಗಾಗತ್ತೆ, ತಂತಿಯ ಎಳೆತಕ್ಕೆ ಬ್ರಿಜ್ ಎದ್ದು ಬರತ್ತೆ. ಅದಕ್ಕೇ ಹೊರಡುವಾಗ ತಂತಿ ಸ್ವಲ್ಪ ಸಡಿಲಿಸಿ, ಗಿಟಾರನ್ನು ಡಿಕ್ಕಿಯಲ್ಲಿಡದೆ ಮಡಿಲಲ್ಲಿ ಇಟ್ಟುಕೊಳ್ಳೋದು. ಜಾತ್ರೆಯಲ್ಲಿ ಹಲಗಿ ಬಾರಿಸೋರು ಮಾತ್ರ ಬೇಕಂತಲೇ ಬೆಂಕಿ ಹಾಕಿ ತೊಗಲು ಕಾಸ್ತಾರೆ. ಅವರನ್ನು ನೋಡಿದಾಗೆಲ್ಲ ನಮ್ಮ ತಬಲಾ ಹುಡುಗನಿಗೆ ಹೊಟ್ಟೆಕಿಚ್ಚು.

ಬಾದಾಮಿಯ ಮೊದಲನೇ ಗುಹೆಯಲ್ಲಿ ಹದಿನೆಂಟು ಕೈಗಳ ನಟರಾಜ ಇದ್ದಾನಲ್ಲ, ಅವನ ಪಕ್ಕದಲ್ಲೂ ಒಬ್ಬ ವಾದ್ಯ ಬಾರಿಸೋನು ಇದ್ದಾನೆ. ಸಾವಿರದ ನಾನೂರು ವರ್ಷದಿಂದ ಅವನು ಸಾಮಾನು ಹೊತ್ತು ಬಸ್ಸು ಹತ್ತಿಲ್ಲ. ಪುಣ್ಯವಂತ.

ನಮ್ಮ ಕೇಸು ಯಾವುದು ಅಂದರೆ ಕೌದಿ. ನಗಬೇಡಿ. ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಕಿ, ಅಂಗೈಯಗಲದ ಜಾಗಕ್ಕೆ ಹತ್ತಾರು ಹೊಲಿಗೆ ಬೀಳುವಂತೆ ಕೈಯಲ್ಲಿ ಹೊಲಿದದ್ದು. ಪೆಟ್ಟು ಬಿದ್ದರೆ ಹೀರಿಕೊಳ್ಳತ್ತೆ. ಹತ್ತಿ ಆದ್ದರಿಂದ ರೆಗ್ಜಿನ್ ಕವರಿನ ಹಾಗೆ ಒಳಗೆ ಬೆವರೋದಿಲ್ಲ. ಯಾವ ಆಕಾರದ ವಾದ್ಯಕ್ಕಾದರೂ ಸುತ್ತಬಹುದು, ಸ್ಟೇಜಿನಲ್ಲಿ ಬಿಚ್ಚಿ ಅದರ ಮೇಲೇ ಕೂತು ಬಾರಿಸಬಹುದು, ರಾತ್ರಿ ಬಸ್ಸು ತಪ್ಪಿದರೆ ಹೊದ್ದು ಮಲಗಬಹುದು. ಯಾವ ಕಂಪನಿಯ ಕೇಸಿಗೆ ಈ ಫೀಚರ್ ಇದೆ ಹೇಳಿ?

ಇದು ನಮ್ಮ ಸಂಶೋಧನೆ ಅಂದುಕೊಂಡಿದ್ದೆವು, ಬನಶಂಕರಿ ಜಾತ್ರೆಗೆ ಹೋಗೋವರೆಗೆ. ಬನದ ಹುಣ್ಣಿಮೆಯ ಆ ಜಾತ್ರೆಗೆ ನಾಟಕ ಕಂಪನಿಗಳು ಬಂದು ವಾರಗಟ್ಟಲೆ ಕ್ಯಾಂಪ್ ಹಾಕೋದು ನಿಮಗೂ ಗೊತ್ತು. ಆಟ ಶುರುವಾಗೋ ಮುಂಚೆ ಒಂದು ಕಂಪನಿಯ ಪೇಟಿ ಮಾಸ್ತರರನ್ನು ಮಾತಾಡಿಸಿದೆವು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಾರೆ, ಬೆಂಗಳೂರಿನ ಓದುಗರಿಗೆ ಈ ಸೂಚನೆ. ಅವರ ಮುಂದೆ ಕಾಲಿನಿಂದ ಗಾಳಿ ಹಾಕೋ ದೊಡ್ಡ ಪೇಟಿ. ಊರಿಂದ ಊರಿಗೆ ಲಾರಿಯಲ್ಲಿ ಇದನ್ನು ಹೇಗೆ ಒಯ್ತೀರಿ ಅಂತ ಕೇಳಿದರೆ, "ಪರದೆ ಅದಾವಲ್ರೀ" ಅಂದರು. ಅರಮನೆ, ಕಾಡು, ಬೀದಿ ಬರೆದ ಪರದೆಗಳನ್ನು ಸುತ್ತಿ ಲಾರಿಯ ತಳಕ್ಕೆ ಹಾಕೋದು, ನಡುವೆ ಪೇಟಿ, ಸುತ್ತ ಹಾಸಿಗೆ. ತಗಡು, ಕಂಬ, ಕುರ್ಚಿ ಎಲ್ಲ ಇನ್ನೊಂದು ಕಡೆ. "ಅರಮನಿ ಮ್ಯಾಲ ಕುಂತು ಬರತೈತ್ರಿ ಇದು, ನಾವು ಡ್ರೈವರ್ ಬಾಜೂಕ" ಅಂತ ನಕ್ಕರು.

ಪೇಟಿ ಎಂಬ ವಾದ್ಯದ ಚರಿತ್ರೆಯೂ ಹೊರೋದಕ್ಕೆ ಸಂಬಂಧಪಟ್ಟದ್ದೇ. ಪ್ಯಾರಿಸಿನ ಅಲೆಕ್ಸಾಂಡರ್ ದೆಬೇನ್ 1840ರ ಸುಮಾರಿಗೆ ಮಾಡಿದ ಹಾರ್ಮೋನಿಯಂ ಮೇಜಿನಂಥದ್ದು, ಕಾಲಿನಿಂದ ತುಳಿಯಬೇಕು. ನೆಲದ ಮೇಲೆ ಕೂತು ಹಾಡುವ ನಮ್ಮ ಜನಕ್ಕೆ ಅದು ಒಗ್ಗದು ಅಂತ ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರಲ್ಲಿ ಕೈಯಿಂದ ಗಾಳಿ ಹಾಕೋ ಪೆಟ್ಟಿಗೆ ಮಾಡಿದರು. ಕಾಲು ಹೋಯಿತು, ಪೇಟಿ ಒಬ್ಬ ಮನುಷ್ಯನ ಹೆಗಲಿಗೆ ಬಂತು. ಹಳ್ಳಿ ಹಳ್ಳಿಯ ಭಜನಾ ಮಂಡಳಿಗೆ ಅದು ಮುಟ್ಟಿದ್ದು ಹೀಗೆ ಹಗುರಾದ ಮೇಲೆಯೇ.

ಅಂಥ ಒಂದು ಭಜನಾ ಮಂಡಳಿಯ ಪೇಟಿಯ ಕಥೆ ಹೇಳಲೇಬೇಕು. ಬಾದಾಮಿಯಲ್ಲಿ ತತ್ವಪದದ ಕಾರ್ಯಕ್ರಮ ಕೊಟ್ಟಿದ್ದರು. ಕೀಬೋರ್ಡಿನಲ್ಲಿ ಹಾರ್ಮೋನಿಯಂ ಟೋನ್ ಇದೆ, ಆದರೆ ಶರೀಫರ ಪದಕ್ಕೆ ಅದು ಪ್ಲಾಸ್ಟಿಕ್ ಹೂವಿನ ಹಾಗೆ. ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯ ಅಜ್ಜಾರ ಹತ್ತಿರ ಹೋಗಿ ಪೇಟಿ ಕೇಳಿದೆವು.

"ಇದು ನಂದಲ್ಲಪಾ, ಊರಂದು. ಪಟ್ಟಿ ಎತ್ತಿ ತಂದದ್ದು. ಯುಗಾದಿ ಅಮಾಸಿ ರಾತ್ರಿ ಭಜನಿ ಐತಿ. ಅದರೊಳಗ ಇಲ್ಲಿ ಇರಬೇಕು" ಅಂದರು.

ನಮ್ಮಲ್ಲಿ ಒಬ್ಬ, "ಏನರ ಆದ್ರ ರೊಕ್ಕಾ ಕೊಡ್ತೀವ್ರಿ ಅಜ್ಜಾರ" ಅಂದ.

"ಅವತ್ತ ರಾತ್ರಿ ರೊಕ್ಕಾ ಬಾರಸೂಣೇನು?"

ಆಮೇಲೆ ನಾವು ಬಾಯಿ ತೆಗೆಯಲಿಲ್ಲ. ಕಾರ್ಯಕ್ರಮ ಇದ್ದದ್ದು ಅಮಾವಾಸ್ಯೆಯ ಹಿಂದಿನ ರಾತ್ರಿ.

ಪೇಟಿ ಕಟ್ಟೋದನ್ನು ಅಜ್ಜಾರೇ ಕಲಿಸಿದರು. ಮೊದಲು ಎಲ್ಲ ಸ್ಟಾಪರ್ ಒಳಗೆ ಒತ್ತಬೇಕು. ತಿದಿ ಪೂರ್ತಿ ಮುಚ್ಚಿ ಎರಡೂ ಕಡೆ ಕೊಂಡಿ ಹಾಕಬೇಕು; ಅರ್ಧ ತೆರೆದ ತಿದಿ ಕುಲುಕಾಟಕ್ಕೆ ಮಡಿಕೆಯಲ್ಲಿ ಹರಿಯತ್ತೆ. ಮೇಲೆ ಒಗೆದ ಧೋತರ, ಅದರ ಮೇಲೆ ಕೌದಿ. ನೇರವಾಗಿ ಕೌದಿಯನ್ನೇ ಸುತ್ತಿದರೆ ಅದರ ನೂಲೆಳೆ ಒಳಗೆ ಹೋಗಿ ರೀಡು ಹಿಡಿದುಬಿಡತ್ತಂತೆ. ಪೇಟಿಯೊಳಗೆ ಹಿತ್ತಾಳೆ ರೀಡುಗಳ ಸಾಲಿರತ್ತೆ. ಒಂದೊಂದರ ನಾಲಿಗೆಯೂ ತನ್ನ ಸಂದಿನ ಅಂಚಿಗೆ ತಾಗದೆ, ಕೂದಲಷ್ಟು ಜಾಗದಲ್ಲಿ ಅಲುಗಾಡಬೇಕು. ಅಲ್ಲಿ ಒಂದು ಕಣ ಕೂತರೂ ಆ ಸ್ವರ ಮೂಕ. ಹುಳ್ಳನೆ ಹೋಗೋ ಎರಿಮಣ್ಣಿನ ಧೂಳಿಗೆ ಕೂದಲಷ್ಟು ಜಾಗ ಅಂದರೆ ಅಗಸೀ ಬಾಗಿಲು. ದೊಡ್ಡ ರಿಪೇರಿ ಬಂದರೆ ಮಿರಜಿಗೆ ಒಯ್ಯಬೇಕು, ಆ ಊರು ತಂಬೂರಿ, ಸಿತಾರ್ ಮಾಡೋದಕ್ಕೆ ಹೆಸರಾದದ್ದು. ಅಮಾವಾಸ್ಯೆಯೊಳಗೆ ಮಿರಜಿಗೆ ಹೋಗಿ ಬರೋ ಮಾತೇ ಇಲ್ಲ.

ಬಾದಾಮಿಯಲ್ಲಿ ಕಾರ್ಯಕ್ರಮ ಚೆನ್ನಾಗೇ ಆಯ್ತು, ಅದು ಇಲ್ಲಿ ಬೇಡ. ಸಂಘಟಕರು ವಾಪಸ್ ಹೋಗೋಕೆ ಗಾಡಿ ಕೊಡ್ತೀವಿ ಅಂದಿದ್ದರು. ರಾತ್ರಿ ಹನ್ನೊಂದಕ್ಕೆ ಗಾಡಿಯೂ ಇಲ್ಲ, ಫೋನೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪೇಟಿಯನ್ನು ನಡುವೆ ಇಟ್ಟು ಸುತ್ತ ಐದು ಜನ ಮಲಗಿದೆವು, ಸರದಿ ಮೇಲೆ ಒಬ್ಬೊಬ್ಬರು ಎಚ್ಚರ. ಮುಂಜಾನೆ ಪಟ್ಟದಕಲ್ಲು, ಐಹೊಳೆ ಮೇಲೆ ಅಮೀನಗಡಕ್ಕೆ ಹೋಗೋ ಒಂದು ಕ್ರೂಸರ್ ಸಿಕ್ತು. ಹತ್ತೋ ಮುಂಚೆಯೇ ತಕರಾರು.

"ತಮ್ಮಾ, ಆ ಗಂಟು ಮ್ಯಾಲ ಹಾಕ್ರಿ. ಒಳಗ ಮಂದಿಗೇ ಜಾಗಾ ಇಲ್ಲ."

"ಅಣ್ಣಾರ, ಇದು ಮ್ಯಾಲ ಹೋಗೂದಿಲ್ರಿ. ಊರ ಪೇಟಿ ಐತಿ."

"ಹಂಗಾರ ಅದಕ್ಕೂ ಒಂದ ಸೀಟಿನ ರೊಕ್ಕಾ ಕೊಡ್ರಿ."

ಕೊಟ್ಟೆವು. ನಮ್ಮಲ್ಲಿ ಇಬ್ಬರು ಹಿಂದೆ ಜೋತುಬಿದ್ದರು, ಪೇಟಿ ಕಿಟಕಿ ಪಕ್ಕ ಕೂತಿತು. ಎದುರು ಕೂತ ಒಬ್ಬ ಆಯಿ ಬಹಳ ಹೊತ್ತು ಕೌದಿಯನ್ನೇ ನೋಡಿ, "ಕೂಸಿಗೆ ಏನಾಗೇತ್ರೋ? ಇಂಥಾ ಬಿಸಲಾಗ ಹೊಚ್ಚೀರಿ?" ಅಂದಳು. ಪೇಟಿ ಅಂದ ಮೇಲೂ ಅವಳಿಗೆ ಸಮಾಧಾನ ಆಗಲಿಲ್ಲ. ತನ್ನ ಸೆರಗಿನ ತುದಿಯನ್ನು ಕಿಟಕಿಯ ಕಡೆ ಹಿಡಿದು ಬಿಸಿಲು ತಡೆದಳು. ಐಹೊಳೆ ದಾಟಿದ ಮೇಲೆ ರಸ್ತೆ ಅಗೆದಿದ್ದರು, ಮುಂದಿನ ಲಾರಿಯ ಧೂಳು ಒಳಗೆಲ್ಲ ತುಂಬಿತು. ಅಮೀನಗಡದಲ್ಲಿ ಇಳಿದಾಗ ನಮ್ಮ ತಲೆಗೂದಲು ಒಂದೇ ಬಣ್ಣ. ಕರದಂಟಿನ ಅಂಗಡಿಗಳ ಮುಂದೆಯೇ ನಿಂತಿದ್ದರೂ ತಿನ್ನೋಕೆ ಯಾರಿಗೂ ಮನಸ್ಸಿರಲಿಲ್ಲ. ಅಲ್ಲಿಂದ ಟಂಟಂ.

ಸಂಜೆ ನಾಲ್ಕಕ್ಕೆ ಮುಟ್ಟಿದೆವು. ಅಜ್ಜಾರು ಬರ್ರಿ ಅಂದರು, ನೀರು ಕೊಡ್ರಿ ಅಂತ ಒಳಗೆ ಕೂಗಿದರು, ನೀರು ಬರೋದರೊಳಗೆ ಕೌದಿ ಬಿಚ್ಚಿ ಎಡಗಡೆಯಿಂದ ಒಂದೊಂದೇ ಮನೆ ಒತ್ತುತ್ತಾ ಬಂದರು. ನಡುವೆ ಒಂದು ಕರೀ ಮನೆ ಉಸಿರು ಬಿಟ್ಟಿತೇ ಹೊರತು ಮಾತಾಡಲಿಲ್ಲ. ನಮಗೆ ಹೊಟ್ಟೆಯಲ್ಲಿ ಏನೋ ಆಯ್ತು. ಅಜ್ಜಾರು ಸುಮ್ಮನೆ ಮೇಲಿನ ಹಲಗೆ ತೆಗೆದರು, ಆ ರೀಡಿನ ನಾಲಿಗೆಯನ್ನು ಉಗುರಿನಿಂದ ಮೆಲ್ಲಗೆ ಎತ್ತಿ ತೆಳುವಾದ ಕಾಗದದ ಚೂರು ತೂರಿಸಿ ಎಳೆದರು. ಕಾಗದವನ್ನು ಬೆಳಕಿಗೆ ಹಿಡಿದು, "ನಮ್ಮ ಮಣ್ಣಲ್ಲ ಇದು. ಕೆಂಪೈತಿ ನೋಡ್ರಿ, ಬಾದಾಮಿ ಕಡೀದು" ಅಂದರು. ಮತ್ತೆ ಒತ್ತಿದರೆ ಸ್ವರ ಬಂತು. ಅವತ್ತು ರಾತ್ರಿ ಭಜನೆಗೆ ನಮ್ಮನ್ನೂ ಕೂರಿಸಿಕೊಂಡರು. ಮೂರು ಗಂಟೆಯವರೆಗೆ ಆ ಪೇಟಿ ನಿಲ್ಲಲಿಲ್ಲ. ಕೀಬೋರ್ಡ್ ಬಾರಿಸೋ ನಮ್ಮ ಹುಡುಗ ಅಜ್ಜಾರ ಬೆರಳನ್ನೇ ನೋಡ್ತಾ ಕೂತಿದ್ದ, ಉಳಿದ ನಾಲ್ವರು ಗೋಡೆಗೆ ಒರಗಿ ನಿದ್ದೆ.

ವಾಯರಿನ ಬಗ್ಗೆ ಎರಡು ಮಾತು, ಇಲೆಕ್ಟ್ರಾನಿಕ್ಸ್ ಓದೋರು ಅಂತ ನಮ್ಮ ಮರ್ಯಾದೆಗಾಗಿ. ಹಗ್ಗ ಸುತ್ತೋ ಹಾಗೆ ಮೊಣಕೈ ಸುತ್ತ ಮೈಕಿನ ವಾಯರ್ ಸುತ್ತಬೇಡಿ. ಪ್ರತಿ ಸುತ್ತಿಗೂ ಒಂದೇ ದಿಕ್ಕಿಗೆ ತಿರುಚಿಕೊಂಡು ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡೀತವೆ, ಅದೂ ಜ್ಯಾಕಿನ ಬುಡದಲ್ಲಿ. ಹೊರಗೆ ನೋಡಿದರೆ ಹೊಸದರ ಹಾಗೇ ಇರತ್ತೆ. ಒಂದು ಸುತ್ತು ಮೇಲಿಂದ, ಇನ್ನೊಂದು ಸುತ್ತು ಕೆಳಗಿಂದ ತಂದರೆ ತಿರುಚು ಒಂದಕ್ಕೊಂದು ಕಳೆದುಹೋಗತ್ತೆ. ಹುನಗುಂದದಲ್ಲಿ ಒಮ್ಮೆ ಬಾಡಿಗೆಗೆ ತಂದ ವಾಯರು ಹಾಡಿನ ನಡುವೆ ಸತ್ತಿತು. ಬಿಚ್ಚಿ ನೋಡಿದರೆ ಬುಡದಲ್ಲಿ ಎರಡೇ ಎಳೆ ಉಳಿದಿದ್ದವು. ಈಗ ನಮ್ಮವು ದ್ರಾಕ್ಷಿ ಕ್ರೇಟಿನಲ್ಲಿ ಇರ್ತವೆ, ಒಂದೊಂದಕ್ಕೂ ಬೇರೆ ಬಣ್ಣದ ಲಾಡಿ ಕಟ್ಟಿದ್ದೇವೆ.

ಮಳೆಗೆ ಮಾತ್ರ ಕೌದಿ ಆಗಲ್ಲ. ನೀರು ಕುಡಿದರೆ ಅದರದೇ ಭಾರ ಎರಡು ಪಟ್ಟು. ಜೂನಿನಲ್ಲಿ ಹುನಗುಂದದಿಂದ ಇಳಕಲ್ಲಿಗೆ ಟಂಟಂನಲ್ಲಿ ಹೋಗ್ತಿದ್ದಾಗ ಹೆದ್ದಾರಿಯಲ್ಲೇ ಮಳೆ ಹಿಡಿಯಿತು, ಪಕ್ಕದಲ್ಲಿ ಗ್ರಾನೈಟ್ ಹೊತ್ತ ಲಾರಿಗಳು ಕೆಸರು ಹಾರಿಸ್ತಾ ಹೋಗ್ತಿದ್ದವು. ಕೌದಿಯ ಮೇಲೆ ತಾಡಪತ್ರಿ ಹೊಚ್ಚಿ ನಾವು ತೋಯ್ದೆವು. ಮುಟ್ಟಿದ ತಕ್ಷಣ ತಾಡಪತ್ರಿ ತೆಗೆಯಬೇಕು, ಇಲ್ಲದಿದ್ದರೆ ಒಳಗಿನ ಆವಿಗೇ ತಬಲಾ ಇಳಿಯತ್ತೆ.

ನಮ್ಮ ತಬಲಾ ಹುಡುಗನ ಮನೆ ಇಳಕಲ್ಲಿನಲ್ಲೇ. ಅವ್ವ ಕುಣಿಮಗ್ಗದಲ್ಲಿ ಸೀರೆ ನೇಯ್ತಾರೆ. ಆ ತಬಲಾ ಜೋಡಿ ಬಂದದ್ದು ಅವರು ನೇಯ್ದ ಸೀರೆಗಳ ಕೂಲಿಯಿಂದ, ಎಷ್ಟು ಸೀರೆ ಅಂತ ಅವನಿಗೆ ಬಾಯಿಪಾಠ ಇದೆ. ತಬಲಾಕ್ಕೆ ಸುತ್ತೋ ಕೌದಿಯ ಮೇಲ್ಪದರವೂ ಅವರದೇ ಹಳೇ ಇಳಕಲ್ ಸೀರೆ, ಟೋಪ ತೆನಿಯ ಕೆಂಪು ಸೆರಗು ಸರಿಯಾಗಿ ದಗ್ಗಾದ ಮೇಲೆ ಬರೋ ಹಾಗೆ ಹೊಲಿದಿದ್ದಾರೆ. ಅವತ್ತು ತೋಯಿಸಿಕೊಂಡ ನಾವು ಬಾಗಿಲಲ್ಲಿ ನಿಂತಾಗ, "ನೀವು ಆಮ್ಯಾಲ ಬರ್ರೆಪಾ, ಅದನ್ನ ಮೊದಲ ಒಳಗ ಕೊಡ್ರಿ" ಅಂತ ಕೈ ಚಾಚಿದರು. ಎರಡನ್ನೂ ಸಿಂಬಿಯ ಮೇಲೆ ಕೂರಿಸಿ, ಅಂಗೈಯಿಂದ ತೊಗಲು ಸವರಿ ನೋಡಿದ ಮೇಲೇ ನಮಗೆ ಟಾವೆಲ್ ಸಿಕ್ಕಿದ್ದು.

ಕೀಬೋರ್ಡಿಗೆ ಇನ್ನೂ ಅದರ ಅಂಗಡಿಯವರು ಕೊಟ್ಟ ತೆಳು ಚೀಲವೇ ಇದೆ, ಜಿಪ್ ಹೋಗಿದೆ. ಅದಕ್ಕೂ ಒಂದು ಕೌದಿ ಹೊಲಿದುಕೊಡ್ತೀನಿ ಅಂದಿದ್ದಾರೆ. ಗೇಣು ಹಾಕಿ ಅಳತೆಯೂ ತಗೊಂಡಿದ್ದಾರೆ: ಉದ್ದ ನಾಲ್ಕು ಗೇಣು ನಾಲ್ಕು ಬೆರಳು. ಒಳಪದರಕ್ಕೆ ಹಳೇ ಸೀರೆ ಇನ್ನೂ ಎರಡು ಬೇಕಂತೆ. ನಿಮ್ಮ ಮನೆಯಲ್ಲಿ ಇದ್ದರೆ ಶನಿವಾರದೊಳಗೆ ಕನ್ನಡ ಕ್ಲಬ್ಬಿನ ರೂಮಿಗೆ ತಂದುಕೊಡಿ. ನೈಲಾನ್ ಬೇಡ, ಹತ್ತಿದೇ ಆಗಬೇಕು.