ಹಡೆದದ್ದು, ಪಡೆದದ್ದು

ನಾಲ್ಕನೇ ಕ್ಲಾಸಿನಲ್ಲಿ ‘ನನ್ನ ತಾಯಿ’ ಎಂದು ಪ್ರಬಂಧ ಬರೆಯಲು ಹೇಳಿದರು. ‘ನಮ್ಮವ್ವ ನನ್ನ ಹಡದಳು’ ಎಂದು ಶುರು ಮಾಡಿದೆ. ಮೇಷ್ಟ್ರು ‘ಹಡದಳು’ ಅನ್ನೋದಕ್ಕೆ ಕೆಂಪು ಗೀಟು ಎಳೆದು, ಮೇಲೆ ‘ಜನ್ಮ ನೀಡಿದರು’ ಎಂದು ಬರೆದರು. ‘ಅದು ಕೇರಿ ಮಾತು, ಬರೆಯೋ ಮಾತಲ್ಲ’ ಅಂದರು. ಕ್ಲಾಸು ನಕ್ಕಿತು. ಅವತ್ತಿನಿಂದ ಆ ಮಾತು ನನ್ನ ಬಾಯಲ್ಲಿ ಉಳಿಯಿತು, ಕೈಗೆ ಬರಲಿಲ್ಲ.

ನಮ್ಮದು ಹರಪನಹಳ್ಳಿ ತಾಲ್ಲೂಕಿನ ಬಾಗಳಿ. ನಮ್ಮ ಕಡೆ ಎಮ್ಮೆ ಈಯುತ್ತದೆ, ಹೆಂಗಸು ಹಡೆಯುತ್ತಾಳೆ. ತಂಗಿ ಹುಟ್ಟಿದ ಒಂಬತ್ತನೇ ದಿನಕ್ಕೇ ಅವ್ವ ಕೂಲಿಗೆ ಹೋದಳು. ಹೊಲದ ಧಣಿ, ‘ಏನಬೇ, ಈದಿಯಂತಲ್ಲಾ?’ ಅಂದ. ಅವ್ವ ಕುಡುಗೋಲು ನಿಲ್ಲಿಸದೆ ಅಂದಳು: ‘ಈಯೋದು ನಿಮ್ಮ ಎಮ್ಮಿ. ನಾನು ಹಡದೀನಿ.’

ಮೇಷ್ಟ್ರು ಹೊಡೆದು ಹಾಕಿದ್ದು ಈ ಮಾತನ್ನ.

ಕಾಲೇಜಿನಲ್ಲಿ ಹಳಗನ್ನಡ ಓದುವಾಗ ಅದು ಮತ್ತೆ ಸಿಕ್ಕಿತು. ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ ‘ಪಡೆ’ಯೇ ‘ಹಡೆ’ ಆಗಿದೆ. ಪಡೆ ಎಂದರೆ ಗಳಿಸು. ಮಗುವನ್ನು ಹೆರುವುದಕ್ಕೂ ಅದೇ ಮಾತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಎರಡೂ ಅರ್ಥಗಳಿವೆ. ‘ಹೆರು’ ಕೂಡ ‘ಪೆಱು’ವಿನಿಂದ ಬಂದದ್ದು, ಅದರ ಅರ್ಥವೂ ಗಳಿಸುವುದೇ. ತಮಿಳಿನಲ್ಲಿ ಅದಕ್ಕೆ ಇಂದಿಗೂ ಎರಡೂ ಅರ್ಥ. ಪೊಲೆಯನೂ ಹೀಗೇ ಹೊಲೆಯನಾದ. ಅಕ್ಷರ ಬದಲಾಯಿತು, ಕೇರಿ ಬದಲಾಗಲಿಲ್ಲ.

ಬರವಣಿಗೆಯ ಕನ್ನಡ ‘ಪಡೆ’ಯನ್ನು ಇಟ್ಟುಕೊಂಡು ಪದವಿಗೆ, ಪ್ರಶಸ್ತಿಗೆ, ಜಮೀನಿಗೆ ಕೊಟ್ಟಿತು. ‘ಹಡೆ’ಯನ್ನು ಅವ್ವಂದಿರಿಗೆ ಬಿಟ್ಟಿತು. ಆಮೇಲೆ ಅದಕ್ಕೇ ಗೀಟು ಎಳೆಯಿತು.

ಗೆಳೆಯರೇ, ಎರಡು ಮಾತುಗಳನ್ನೂ ತೂಗಿ ನೋಡಿ. ‘ಜನ್ಮ ನೀಡಿದರು’ ಎಂದರೆ ಅವ್ವ ಕೊಟ್ಟವಳು; ತ್ಯಾಗಮಯಿ ಅನ್ನಿಸಿಕೊಂಡು ಕೊಡುತ್ತಲೇ ಇರಬೇಕಾದವಳು. ‘ಹಡದಳು’ ಎಂದರೆ ಅವ್ವ ಗಳಿಸಿದವಳು. ಆಕೆಗೆ ಹೊಲವಿಲ್ಲ, ಪಟ್ಟಾ ಇಲ್ಲ. ಐದು ಹಡೆದಳು, ಎರಡನ್ನು ಮಣ್ಣಿಗಿಟ್ಟಳು. ಉಳಿದ ಮೂವರೇ ಆಕೆಯ ಗಳಿಕೆ.

ನಮ್ಮೂರ ಕಲ್ಲೇಶ್ವರ ಗುಡಿಯಲ್ಲಿ ಚಾಲುಕ್ಯ ತೈಲಪನ ಕಾಲದ, 987ರ ಶಾಸನವಿದೆ. ಅರಸರ ದತ್ತಿ ಕಲ್ಲಿನಲ್ಲಿ ನಿಂತಿದೆ. ಆ ಕಲ್ಲು ಹೊತ್ತವರನ್ನು ಹಡೆದವರ ಹೆಸರು ಯಾವ ಕಲ್ಲಿನಲ್ಲಿದೆ? ಬೀಸೋ ಕಲ್ಲಿನ ಮುಂದೆ ಹೆಣ್ಣುಮಕ್ಕಳು ‘ಹಡೆದವ್ವ’ ಎಂದು ಹಾಡಿದರಲ್ಲ, ಅದೇ ಅವರ ಶಾಸನ.

ಬಿ.ಎ. ಮುಗಿಸಿ ಬಂದ ದಿನ ‘ಯವ್ವಾ, ಡಿಗ್ರಿ ಪಡದೆ’ ಅಂದೆ. ಜೋಳ ಕೇರುತ್ತಿದ್ದ ಅವ್ವ ಮೊರ ನಿಲ್ಲಿಸಿದಳು. ‘ಗಂಡಸ್ರೂ ಹಡೀತಾರೇನೋ?’ ಎಂದು ನಕ್ಕಳು. ಕಾಗದವನ್ನು ತಿರುಗಿಸಿ ನೋಡಿ ಕೇಳಿದಳು: ‘ಇದನ್ನ ಹಡಿಯಾಕ ಎಷ್ಟು ದಿನ ಬ್ಯಾನಿ ತಿಂದಿ?’

ಬ್ಯಾನಿ ನಿಂದು ಯವ್ವಾ, ಅನ್ನಬೇಕೆಂದೆ. ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಮಾತು. ನಾಳೆ ನಿಮ್ಮ ಕ್ಲಾಸಿನಲ್ಲಿ ಕೇರಿಯ ಮಗುವೊಂದು ‘ನಮ್ಮವ್ವ ನನ್ನ ಹಡದಳು’ ಎಂದು ಬರೆದೀತು. ಕೆಂಪು ಪೆನ್ನು ಕೆಳಗಿಡಿ. ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆಸಿ.