ನವಲಗುಂದದ ಓಣಿಯಲ್ಲಿ ಒಂದು ಹೆಸರಿನ ಚೀಟಿ

ನಾವು ನವಲಗುಂದಕ್ಕೆ ಹೊರಟುದು ಒಂದು ಜಮಖಾನೆಯನ್ನು ಕೊಳ್ಳುವುದಕ್ಕಾಗಿ. ನಂಟರ ಮನೆಯ ಲಗ್ನದಲ್ಲಿ ಹಾಸಿದ್ದ ಜಮಖಾನೆಯೊಂದು ನಮ್ಮ ಕಣ್ಣನ್ನು ಸೆಳೆದಿತ್ತು. ಅಂಚಿಗೆ ಕೆಂಪು, ನಡುವೆ ಪಗಡೆಯ ಪಟ, ಮೂಲೆಗಳಲ್ಲಿ ನವಿಲು. ನೆಯ್ದವರು ಯಾರೆಂದು ಕೇಳಿದರೆ ಮನೆಯ ಹಿರಿಯರು, “ನವಲಗುಂದದಾಗ ಒಬ್ಬ ಅಮ್ಮಾರು ಅದಾರ್ರೀ, ಹೆಸರು ನೆನಪಿಗೆ ಬರವಲ್ದು” ಎಂದುಬಿಟ್ಟರು. ಜಮಖಾನೆ ಇಪ್ಪತ್ತು ವರ್ಷ ಬಾಳುವುದು. ನೆಯ್ದವರ ಹೆಸರು ಮಾತ್ರ ಕೊಂಡವರ ಹೊಸ್ತಿಲನ್ನೂ ದಾಟಿರಲಿಲ್ಲ.

ಹಿಂಗಾರಿಯ ಕಾಲ. ಹುಬ್ಬಳ್ಳಿಯ ಬಸ್ಸು ಎರೆಯ ಹೊಲಗಳ ನಡುವೆ ಸಾಗುತ್ತಿರಲು ಇಕ್ಕೆಲಗಳಲ್ಲಿ ಕಡಲೆ, ಜೋಳ ಕಣ್ಣು ತುಂಬುವಂತೆ ನಿಂತಿದ್ದವು. ಊರಿಗಿಳಿದು ಮೂರು ಬಾಗಿಲು ತಟ್ಟಿದ ಮೇಲೆ ನಾವು ಅರಸಿದ ಮನೆ ಸಿಕ್ಕಿತು. ಆದಿಲಶಾಹಿಯ ಕಾಲದಲ್ಲಿ ವಿಜಾಪುರದ ಕಡೆಯಿಂದ ಬಂದು ನೆಲೆನಿಂತವರೆಂದು ಹೇಳಲಾಗುವ ಮುಸಲ್ಮಾನ ಮನೆತನಗಳ ಹೆಂಗಸರೇ ಇಲ್ಲಿ ಜಮಖಾನೆ ನೇಯುವವರು. ಮಗ್ಗವು ಗೋಡೆಗೆ ಎದುರಾಗಿ ನೆಟ್ಟಗೆ ನಿಂತಿರುವುದು. ಹತ್ತಿಯ ನೂಲಿನ ಎಳೆಗಳನ್ನು ಎಣಿಸೆಣಿಸಿ ಬಣ್ಣ ತುಂಬಿ, ಹಲ್ಲುಗಳುಳ್ಳ ಪಂಜದಿಂದ ಹೊಕ್ಕನ್ನು ಬಡಿದು ಬಿಗಿಗೊಳಿಸುವರು. ವಿದ್ಯೆಯು ಊರು ಬಿಟ್ಟು ಹೋಗಬಾರದೆಂದು ಅದನ್ನು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವುದು ಇಲ್ಲಿಯ ಹಳೆಯ ವಾಡಿಕೆಯಂತೆ. ೨೦೧೧ರಲ್ಲಿ ಈ ಜಮಖಾನೆಗೆ ಸರಕಾರದ ಭೌಗೋಳಿಕ ಗುರುತು ದೊರೆತು, ನವಲಗುಂದವೆಂಬ ಹೆಸರಿಗೆ ಕಾಯಿದೆಯ ಕಾವಲು ಬಂದಿತು. ಊರಿನ ಹೆಸರು ಉಳಿಯಿತು; ಕೈಗಳ ಹೆಸರಿನ ಗತಿಯೇನು?

ಆ ಮನೆಯ ಹಿರಿಯ ತಾಯಿ ಹೇಳಿದ ಸಂಗತಿಯನ್ನು ಕೇಳಿ ನಮಗೆ ಕಸಿವಿಸಿಯಾಯಿತು. ಬೆಂಗಳೂರಿನ ಗಿರಾಕಿಯೊಬ್ಬರು ಒಂದು ಜಮಖಾನೆ ಒಯ್ದು, ಮರುವರ್ಷ ಇನ್ನೂ ಆರು ಬೇಕೆಂದು ಊರಿಗೆ ಬಂದಿದ್ದರಂತೆ. ಹೆಸರು ಗೊತ್ತಿಲ್ಲ, ಮನೆ ನೆನಪಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಒಂದು ಅಂಗಡಿಯನ್ನು ತೋರಿಸಿದರು. ಅವರು ಅಲ್ಲಿಯೇ ಆರನ್ನೂ ಕೊಂಡು ಹೊರಟುಹೋದರು. “ಆರು ತಿಂಗಳ ಕೂಳು ಓಣಿ ಬಾಯಿಗೆ ಬಂದು ತಿರಿಗಿ ಹೋತ್ರೀ” ಎಂದು ಆಕೆ ಪಂಜವನ್ನು ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದರು.

ಹೆಸರಿನ ಕಾರ್ಡು ಮಾಡಿಸಲಿಲ್ಲವೇ ಎಂದು ಕೇಳಿದೆವು. ಸೊಸೆಯು ಒಳಗಿನಿಂದ ಒಂದು ಡಬ್ಬಿಯನ್ನು ತಂದಿಟ್ಟಳು. ಮಗನು ಪಟ್ಟಣದಲ್ಲೆಲ್ಲಿಯೋ ಅಚ್ಚು ಹಾಕಿಸಿದ ಕಾರ್ಡುಗಳು: ಬಂಗಾರದ ಅಕ್ಷರ, ಗುಲಾಬಿಯ ಚಿತ್ರ, ಮೇಲೆ ಮಿರಿಮಿರಿ ಮಿಂಚುವ ಪ್ಲಾಸ್ಟಿಕ್ಕಿನ ಪೊರೆ. ಹೆಸರು ಮಗನದು, ಫೋನೂ ಮಗನದು. ಅವನೋ ಹುಬ್ಬಳ್ಳಿಯಲ್ಲಿ ಗಾಡಿ ಹೊಡೆಯುವವನು. ಗಿರಾಕಿ ಫೋನು ಮಾಡಿದರೆ ಅಳತೆಯೆಷ್ಟು, ಬೆಲೆಯೆಷ್ಟು ಎಂಬುದನ್ನು ಅವನು ಹೇಳಲಾರ. ನಾವು ಅದರ ಹಿಂದೆ ಏನನ್ನಾದರೂ ಬರೆಯೋಣವೆಂದರೆ ಪೆನ್ನು ಜಾರಿತು. ಸಾವಿರ ಕಾರ್ಡುಗಳಲ್ಲಿ ಮುಕ್ಕಾಲು ಪಾಲು ಡಬ್ಬಿಯಲ್ಲಿಯೇ ಇದ್ದವು.

ಹಣ ಕಡಿಮೆಯಿರುವಲ್ಲಿ ಮೊದಲು ಬಿಡಬೇಕಾದುದು ಈ ಮಿಂಚನ್ನೇ ಎಂದು ನಮಗೆ ತೋರಿತು. ಮನೆಯ ಹುಡುಗನ ಚೌಕುಳಿ ಗೆರೆಗಳ ಲೆಕ್ಕದ ಪುಸ್ತಕವನ್ನು ತರಿಸಿ, ಪಗಡೆಯ ಪಟವನ್ನು ಅದರಲ್ಲಿ ತುಂಬುವಂತೆ ಸೊಸೆಗೆ ಹೇಳಿದೆವು. ಎಳೆ ಎಣಿಸುವುದೇ ಆಕೆಯ ದಿನದ ಕೆಲಸವಷ್ಟೆ. ಚಿತ್ರಗಾರನು ದಿನವೆಲ್ಲ ತಿಣುಕಬೇಕಾದುದನ್ನು ಆಕೆ ಅರ್ಧ ತಾಸಿನೊಳಗೆ ಮುಗಿಸಿದಳು. ನೇರಗೆರೆಗಳ ಆ ಚಿತ್ರ ರಬ್ಬರ್ ಶಿಕ್ಕೆಗೆ ಹೇಳಿಮಾಡಿಸಿದಂತಿತ್ತು. ಯಾರ ಹೆಸರು ಹಾಕಬೇಕೆಂಬಲ್ಲಿ ಮಾತ್ರ ತಕರಾರು ಬಂದಿತು.

“ಸೊಸಿ ಹೆಸರ ಹಾಕ್ರಿ. ನಂದೇನ್ರೀ, ಇವತ್ತ ಅದೀನಿ, ನಾಳೆ ಇಲ್ಲ.”

“ಅತ್ತಿ ಹೆಸರ ಮ್ಯಾಲಿರಲಿ. ನನಗ ಕಲಿಸಿದವರು ಅವರ. ಫೋನ್ ನಂಬರ್ ನಂದು ಹಾಕ್ರಿ, ನಾ ಎತ್ತತೀನಿ.”

ಸೊಸೆಯ ಮಾತೇ ಗೆದ್ದಿತು. ಶಿಕ್ಕೆಯಾಗಲು ಎರಡು ದಿನ ಬೇಕೆಂದರು. ಆ ಎರಡು ದಿನಗಳಲ್ಲಿ ಅಣ್ಣಿಗೇರಿಯನ್ನೂ ಕಲಘಟಗಿಯನ್ನೂ ನೋಡಿಬರುವುದೆಂದು ನಾವು ಹೊರಟೆವು.

ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಕಪ್ಪು ಕಂಬಗಳ ನೆರಳಿನಲ್ಲಿ ಕುಳಿತಾಗಲೂ ತಲೆಯಲ್ಲಿ ಆ ಚೀಟಿಯೇ ಸುಳಿಯುತ್ತಿತ್ತು. ಪಂಪನ ತಮ್ಮ ಜಿನವಲ್ಲಭನು ದೂರದ ತೆಲಂಗಾಣದ ಕುರಿಕ್ಯಾಲದಲ್ಲಿ, ಬೆಟ್ಟದ ಬಂಡೆಯ ಮೇಲೆ ೧೦ನೆಯ ಶತಮಾನದಲ್ಲಿ ಕೆತ್ತಿಸಿದ ಶಾಸನವೊಂದಿದೆ. ಕನ್ನಡ, ತೆಲುಗು, ಸಂಸ್ಕೃತ, ಹೀಗೆ ಮೂರು ಭಾಷೆ. ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಅದರಲ್ಲಿ ಹೇಳಿದೆ. ಯಾರು, ಯಾರ ಕಡೆಯವರು, ಯಾವ ಊರಿನವರು: ಓದುವವನಿಗೆ ಬೇಕಾದುದು ಆಗಲೂ ಇಷ್ಟೇ ಇದ್ದಿತು. ಕುಂದಗೋಳಕ್ಕೆ ಹೋಗಲು ವೇಳೆ ಸಾಲದೆ ಹೋಯಿತೆಂಬ ಕೊರಗು ಉಳಿಯಿತು. ಸವಾಯಿ ಗಂಧರ್ವರೆಂದು ಹೆಸರಾದ ರಾಮಚಂದ್ರ ಕುಂದಗೋಳಕರರಿಗಾಗಲಿ, ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರಿಗಾಗಲಿ ವಿಳಾಸದ ಚೀಟಿ ಏಕೆ ಬೇಕು? ಊರು ಹೆಸರಿನೊಳಗೇ ಕುಳಿತಿದೆ.

ಹುಬ್ಬಳ್ಳಿಯಿಂದ ಕಾರವಾರದ ದಾರಿ ಹಿಡಿದರೆ ನೆಲದ ಬಣ್ಣ ತಿರುಗಿ, ಮಲೆನಾಡಿನ ಸೆರಗು ಕಾಣತೊಡಗುವಲ್ಲಿ ಕಲಘಟಗಿ. ಇಲ್ಲಿಯ ಬಣ್ಣದ ತೊಟ್ಟಿಲುಗಳನ್ನು ಯಾರು ಅರಿಯರು! ಸಾಗವಾನಿಯ ಕಟ್ಟಿಗೆ, ಅರಗಿನ ಬಣ್ಣ, ಪಟ್ಟಿಯ ಮೇಲೆ ಕೃಷ್ಣನ ಬಾಲಲೀಲೆ. ತೊಟ್ಟಿಲು ಒಂದು ಮನೆಯಲ್ಲಿ ನಿಲ್ಲುವ ವಸ್ತುವಲ್ಲ. ಅಕ್ಕನ ಮಗುವಿಗೆ, ತಂಗಿಯ ಮಗುವಿಗೆ, ಬೀಗರ ಮನೆಗೆ ಎಂದು ಸುತ್ತುತ್ತಲೇ ಇರುವುದು. ಕಾಗದದ ಕಾರ್ಡು ಆ ತಿರುಗಾಟದಲ್ಲಿ ಉಳಿಯುವುದೆಂತು? ಅಲ್ಲಿಯ ಕುಶಲಿಯೊಬ್ಬರಿಗೆ, ತಳದ ಹಲಗೆಯ ಕೆಳಗೆ ಹೆಸರು, ಊರು, ಫೋನಿನ ಅಂಕಿಗಳನ್ನು ಅದೇ ಬಣ್ಣದಿಂದ ಬರೆಯಬಾರದೇ ಎಂದೆವು. ಅವರು ನಕ್ಕು, “ಕೂಸಿನ ಕೆಳಗ ನನ್ನ ಹೆಸರೇನ್ರೀ?” ಎಂದರು. ಆದರೂ ಕುಂಚವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಲಗೆಯನ್ನೇ ನೋಡುತ್ತ ನಿಂತಿದ್ದರು.

ಮೂರನೆಯ ದಿನ ನವಲಗುಂದಕ್ಕೆ ಮರಳಿದಾಗ ಶಿಕ್ಕೆ ಸಿದ್ಧವಾಗಿದ್ದಿತು. ಲಗ್ನಪತ್ರಿಕೆ ಅಚ್ಚು ಹಾಕುವವರಲ್ಲಿ ಉಳಿದಿದ್ದ, ಹೊಳಪಿಲ್ಲದ ದಪ್ಪ ಹಾಳೆಗಳನ್ನು ಅಗ್ಗಕ್ಕೆ ತಂದೆವು. ೩½ ಅಂಗುಲ ಉದ್ದ, ೨ ಅಂಗುಲ ಅಗಲಕ್ಕೆ ಕತ್ತರಿಸಿದರೆ ಎ-೪ ಅಳತೆಯ ಹಾಳೆಗೆ ೧೦ ಚೀಟಿ. ೧೦ ಹಾಳೆಗೆ ೧೦೦. ಒಂದೇ ಸಲ ಸಾವಿರ ಮಾಡುವ ಗೋಜಿಲ್ಲ. ತೀರಿದಂತೆ ಒತ್ತಿಕೊಳ್ಳಬಹುದು, ಫೋನು ಬದಲಾದರೆ ಶಿಕ್ಕೆಯೊಂದನ್ನೇ ಬದಲಿಸಬಹುದು. ಒಂದು ಕಡೆ ಕಪ್ಪು ಮಸಿಯಲ್ಲಿ ಪಗಡೆಯ ಪಟ, ಹೆಸರು, ಓಣಿ, ಫೋನು, ಹಿಂದೆ ಖಾಲಿ. ಮೂಲೆಯಲ್ಲಿ ಒಂದು ರಂಧ್ರ ಮಾಡಿ, ಮಗ್ಗದ ಬುಡದಲ್ಲಿ ಬಿದ್ದಿದ್ದ ನೂಲಿನ ತುಂಡನ್ನು ಪೋಣಿಸಬೇಕೆಂಬುದು ಸೊಸೆಯ ಯೋಚನೆ, ನಮ್ಮದಲ್ಲ. ಗಿರಾಕಿಯು ಬೆರಳಿನಿಂದ ಮುಟ್ಟಿ ನೂಲಿನ ದಪ್ಪವನ್ನೂ ಬಣ್ಣವನ್ನೂ ನೋಡಿಕೊಳ್ಳಬಹುದೆಂದು ಆಕೆ ಹೇಳಿದಳು. ಕೆಂಪು, ಹಳದಿ, ಹಸಿರು, ಒಂದರಂತೆ ಇನ್ನೊಂದಿಲ್ಲ.

ಮೊದಲ ಚೀಟಿಯನ್ನು ಅತ್ತೆಯೇ ಒತ್ತಿದರು. ಶಿಕ್ಕೆ ಸ್ವಲ್ಪ ಓರೆಯಾಗಿ ಬಿದ್ದಿತು. ಓದು ಬಾರದ ಆ ತಾಯಿ, “ಇದರಾಗ ನನ್ನ ಹೆಸರು ಯಾವುದು?” ಎಂದು ಕೇಳಿ, ಸೊಸೆ ತೋರಿಸಿದ ಅಕ್ಷರಗಳನ್ನು ಎಳೆಗಳಂತೆ ಒಂದೊಂದಾಗಿ ಎಣಿಸಿದರು. ಸೊಸೆಯು ಅದರ ಹಿಂದೆ ನಮ್ಮ ಜಮಖಾನೆಯ ಅಳತೆಯನ್ನೂ, ಕೊಟ್ಟ ಮುಂಗಡವನ್ನೂ, ತಯಾರಾಗುವ ತಿಂಗಳನ್ನೂ ಬರೆದು ನಮ್ಮ ಕೈಗಿತ್ತಳು. ಕೆಂಪು ನೂಲಿನ ಆ ಚೀಟಿ ಈಗ ನಮ್ಮ ಪಂಚಾಂಗದ ಪುಟಗಳ ನಡುವೆ ಇದೆ.