ಸಾಲ ಕೊಡುವವರು ಎಲ್ಲಿ ಕೂತಿದ್ದಾರೆ?

ನಮ್ಮಲ್ಲಿ ಪುತ್ತಿಗೆ ಎರಡು. ಒಂದು ಮೂಡುಬಿದಿರೆಯ ಪಕ್ಕದ್ದು. ಚೌಟ ಅರಸರು ಮೂಡುಬಿದಿರೆಗೆ ಬರುವ ಮೊದಲು ಆಳುತ್ತಿದ್ದ ನೆಲೆ. ಈಗ ಪುತ್ತಿಗೆ ಪದವು ಎಂದರೆ ಹೊರಗಿನವರಿಗೆ ಆಳ್ವಾಸ್ ವಿರಾಸತ್ ನಡೆಯುವ ಬಯಲು. ಇನ್ನೊಂದು ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಒಳಗೆ, ಸೀತಾಂಗೋಳಿಯ ಆಸುಪಾಸು. ನಾನು ಹುಟ್ಟಿದ್ದು ಆ ಕಡೆ, ಬಾಳುವೆ ಈ ಕಡೆ. ಎರಡೂ ಕಡೆ ಬೆಳೆ ಒಂದೇ: ಅಡಿಕೆ, ತೆಂಗು, ಕರಿಮೆಣಸು, ಗೇರುಬೀಜ. ಅಂಗಡಿಯಲ್ಲಿ ಚೌಕಾಸಿ ತುಳುವಿನಲ್ಲಿ, ಲೆಕ್ಕದ ಪುಸ್ತಕ ಕನ್ನಡದಲ್ಲಿ. ಕಾಗದ ಸರಕಾರದ್ದೋ ಬ್ಯಾಂಕಿನದ್ದೋ ಆದರೆ ಮಾತ್ರ ದಾರಿ ಬೇರೆಯಾಗುತ್ತದೆ; ಅಲ್ಲಿ ಮಲಯಾಳಂ, ಇಲ್ಲಿ ಸರಕಾರದ್ದು ಕನ್ನಡ, ಬ್ಯಾಂಕಿನದ್ದು ಹೆಚ್ಚಾಗಿ ಇಂಗ್ಲಿಷು.

ಕರಾವಳಿಯ ಆರ್ಥಿಕತೆಯನ್ನು ಬಲಪಡಿಸುವ ಮಾತು ಬಂದಾಗಲೆಲ್ಲ ಯಾರಾದರೂ ಒಂದು ಪಾರ್ಕು ಘೋಷಿಸುತ್ತಾರೆ. ಮಂಗಳೂರಿನಿಂದ ನಮ್ಮೂರಿಗೆ ಬರುವ ದಾರಿಯಲ್ಲೇ ಗಂಜಿಮಠವಿದೆ, ಅಲ್ಲಿ ಪ್ಲಾಸ್ಟಿಕ್ ಪಾರ್ಕು. ನನಗೇನೂ ತಕರಾರಿಲ್ಲ, ಬರಲಿ. ಆದರೆ ಈ ಸೀಮೆಯನ್ನು ಇಷ್ಟರ ಮಟ್ಟಿಗೆ ನಿಲ್ಲಿಸಿದ್ದು ಪಾರ್ಕುಗಳಲ್ಲ. ಧಾರಣೆ ಮತ್ತು ಸಾಲ, ಇವೆರಡನ್ನೂ ತೀರ್ಮಾನಿಸುವವರು ಇಲ್ಲಿಯೇ ಇದ್ದರು, ಇಲ್ಲಿಯ ಮಾತು ಬಲ್ಲವರಾಗಿದ್ದರು. ನೀತಿ ಮಾಡುವವರು ಮೊದಲು ನೋಡಬೇಕಾದದ್ದು ಅದನ್ನು.

ಕ್ಯಾಂಪ್ಕೊವನ್ನೇ ತೆಗೆದುಕೊಳ್ಳಿ. ಎಪ್ಪತ್ತರ ದಶಕದ ಮೊದಲಿಗೆ ಅಡಿಕೆ ಧಾರಣೆ ಬಿದ್ದಾಗ ಕರ್ನಾಟಕ, ಕೇರಳ ಎರಡೂ ಸರಕಾರಗಳು ಪಾಲು ಹಾಕಿ, 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. ಮುಂದೆ ನಿಂತು ಕಟ್ಟಿದವರು ವಾರಣಾಶಿ ಸುಬ್ರಾಯ ಭಟ್ಟರು, ಬಂಟ್ವಾಳ ತಾಲೂಕಿನ ಗಡಿಯಂಚಿನ ಅಡ್ಯನಡ್ಕದವರು. ರಾಜ್ಯದ ಗೆರೆಗೆ ಬೆಳೆ ಗೊತ್ತಿಲ್ಲ ಎಂಬುದು ಗಡಿಯಲ್ಲಿದ್ದವರಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು! ಇವತ್ತಿಗೂ ಖಾಸಗಿ ವ್ಯಾಪಾರಿ ಹೊಸ ಅಡಿಕೆಗೋ ಡಬಲ್ ಚೋಲಿಗೋ ರೇಟು ಹೇಳುವಾಗ, ಕ್ಯಾಂಪ್ಕೊದಲ್ಲಿ ಎಷ್ಟಿದೆ ಎಂದು ನೋಡಿಯೇ ಹೇಳುವುದು. ಕೊಕ್ಕೊ ಬೆಳೆಯಿರಿ ಎಂದವರು ಕೊಳ್ಳುವುದನ್ನು ನಿಲ್ಲಿಸಿದಾಗ ಹಸಿ ಬೀಜಕ್ಕೆ ಕೈಚಾಚಿದ್ದೂ ಅವರೇ. 1986ರಲ್ಲಿ ಪುತ್ತೂರಿನ ಚಾಕಲೇಟು ಕಾರ್ಖಾನೆ ಬಂತು. ಗಡಿಯ ಎರಡೂ ಬದಿಗೆ ಒಟ್ಟಿಗೆ ಸಲ್ಲುವ ಇಂಥ ಇನ್ನೊಂದು ಸಂಸ್ಥೆ ಆಮೇಲೆ ಯಾಕೆ ಹುಟ್ಟಲಿಲ್ಲವೋ!

ಸಾಲದ ಕಥೆ ಉಲ್ಟಾ ಹೋಯಿತು. ಹಳೆಯ ದಕ್ಷಿಣ ಕನ್ನಡದಲ್ಲಿ 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ, ಹೀಗೆ ಒಂದರ ಹಿಂದೆ ಒಂದು ಬ್ಯಾಂಕುಗಳು ಎದ್ದವು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರು ಮಾಡಿ ಅಂಗಡಿ ಬಾಗಿಲಿಗೇ ಬಂದು ಚಿಲ್ಲರೆ ಕಾಸು ಎತ್ತಿದರು. ಪಿಗ್ಮಿಯವನಿಗೆ ಯಾರ ಅಂಗಡಿ ಹೇಗೆ ನಡೆಯುತ್ತಿದೆ, ಯಾರ ಮನೆಯಲ್ಲಿ ಮದುವೆ, ಎಲ್ಲ ಗೊತ್ತು. ಈಗಿನವರು ಕಂಪ್ಯೂಟರಿನಲ್ಲಿ ಹುಡುಕುವ ಕ್ರೆಡಿಟ್ ಸ್ಕೋರು ಅಂದು ಅವನ ತಲೆಯಲ್ಲಿತ್ತು. 2019ರ ಏಪ್ರಿಲ್ ಒಂದಕ್ಕೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದೊಳಗೆ ಹೋಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ. ಪಾಂಡೇಶ್ವರದಲ್ಲಿದ್ದ ಕಾರ್ಪೊರೇಶನ್ ಬ್ಯಾಂಕಿನ ಪ್ರಧಾನ ಕಚೇರಿಯ ತೀರ್ಮಾನಗಳೀಗ ಮುಂಬಯಿಯಲ್ಲಿ. ಗಡಿಯಾಚೆ ಕೇರಳದವರೂ 2019ರಲ್ಲೇ ಜಿಲ್ಲಾ ಸಹಕಾರಿ ಬ್ಯಾಂಕುಗಳನ್ನು ಸೇರಿಸಿ ಕೇರಳ ಬ್ಯಾಂಕ್ ಮಾಡಿದರು, ಕಾಸರಗೋಡಿನದ್ದು ತಿರುವನಂತಪುರಕ್ಕೆ ಹೋಯಿತು. ಬಂಡವಾಳ ಗಟ್ಟಿಯಾಯಿತು ಎಂದು ತಿಳಿದವರು ಹೇಳುತ್ತಾರೆ. ಆದೀತು. ದೂರವೂ ಆಯಿತು.

ದೂರದ ಬೆಲೆ ಗೊತ್ತಾಗುವುದು ಹಾಳೆ ತಟ್ಟೆಯ ಘಟಕದಂಥ ಸಣ್ಣ ಉದ್ದಿಮೆಯಲ್ಲಿ. ಅಡಿಕೆ ಹಾಳೆ ಬೀಳುವುದು ಬೇಸಗೆಯಲ್ಲಿ. ಮಳೆ ಹಿಡಿಯುವ ಮೊದಲು ಹೆಕ್ಕಿಸಿ, ಒಣಗಿಸಿ, ಕಟ್ಟು ಕಟ್ಟಿ ಅಟ್ಟದ ಮೇಲೆ ಹಾಕಬೇಕು. ಆಮೇಲೆ ವರ್ಷವಿಡೀ ಅಚ್ಚಿಗೆ ಕೊಡುವುದು. ದುಡ್ಡೆಲ್ಲ ಬೇಸಗೆಯಲ್ಲೇ ಬೇಕು, ಬರುವುದು ನಿಧಾನ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿತು. ರಫ್ತು ನಂಬಿದ್ದವರ ತಟ್ಟೆ ಗೋದಾಮಿನಲ್ಲಿ ಉಳಿಯಿತು. ಕಂತು ತೊಂಬತ್ತು ದಿನ ತಪ್ಪಿದರೆ ಸಾಲ ಎನ್‌ಪಿಎ. ಹಾಳೆಯ ಕಾಲ, ಮಳೆಯ ಕಾಲ ಬಲ್ಲ ಮ್ಯಾನೇಜರು ಕೈಯಲ್ಲಿ ಸ್ವಲ್ಪ ಅಧಿಕಾರ ಇಟ್ಟುಕೊಂಡು ಕೂತಿದ್ದರೆ ಕಂತು ಹೊಂದಿಸಿ ಕೊಡಬಹುದು. ಮೇಲಿನ ಕಚೇರಿಗೆ ಕಡತ ಕಳಿಸಿ ಉತ್ತರ ಕಾಯುವಷ್ಟರಲ್ಲಿ ತೊಂಬತ್ತು ದಿನ ಮುಗಿದಿರುತ್ತದೆ.

ಶಾಖೆಯವರು ಇದನ್ನೆಲ್ಲ ಬಲ್ಲವರಾಗುವುದಾದರೂ ಹೇಗೆ? ಇಲ್ಲಿಯ ಒಂದು ಶಾಖೆಯಲ್ಲಿ ನೋಡಿದ್ದು ಹೇಳುತ್ತೇನೆ. ಉತ್ತರದ ಕಡೆಯ ಹುಡುಗ, ಒಳ್ಳೆಯವನೇ, ಹಿಂದಿಯಲ್ಲಿ ಏನೋ ಕೇಳುತ್ತಾನೆ. ಬೀಡಿ ಕಟ್ಟುವ ಅಕ್ಕ ಪಾಸ್‌ಬುಕ್ ಹಿಡಿದುಕೊಂಡು ನನ್ನ ಕಡೆ ತಿರುಗಿ, “ಆರ್ ದಾದ ಪನ್ಪೆರ್ ಅಣ್ಣಾ?” ಎಂದಳು, ಅವರೇನು ಹೇಳುತ್ತಿದ್ದಾರೆ ಎಂದು. ಆಧಾರ್ ಜೋಡಣೆ ಆಗಿಲ್ಲವಂತೆ ಎಂದೆ. ಇಷ್ಟಾದರೆ ನನ್ನಂಥವರು ನಡುವೆ ನಿಂತು ಹೇಳಿಯೇವು. ಹೊಲಿಗೆ ಯಂತ್ರಕ್ಕೆ ಸಾಲ ಕೇಳಲು ಬಂದವಳ ವ್ಯವಹಾರದ ಹುರುಳನ್ನು, ಅವಳ ಧೈರ್ಯವನ್ನು ಮೂರನೆಯವನು ಹೇಳಿ ತಿಳಿಸಲಾಗದು. ಅವಳು ನೇರ ಸ್ವಸಹಾಯ ಗುಂಪಿಗೋ ಸೊಸೈಟಿಗೋ ಹೋಗುತ್ತಾಳೆ, ಅಲ್ಲಿ ತುಳುವಿನಲ್ಲಿ ಮಾತಾಡುತ್ತಾರೆ.

ಬ್ಯಾಂಕುಗಳ ಗುಮಾಸ್ತರ ನೇಮಕಾತಿಯಲ್ಲಿ ಸ್ಥಳೀಯ ಭಾಷೆಯ ಪರೀಕ್ಷೆ ಇದೆ. ಸ್ಥಳೀಯ ಎಂದರೆ ರಾಜ್ಯದ ಆಡಳಿತ ಭಾಷೆ. ಮೂಡುಬಿದಿರೆಗೆ ಕನ್ನಡ ಸಾಕು, ಹೇಗೋ ನಡೆಯುತ್ತದೆ. ನನ್ನ ಹುಟ್ಟೂರಿಗೆ ಬರುವವರಿಗೆ ಮಲಯಾಳಂ ಬಂದರೆ ಆಯಿತು, ಗಿರಾಕಿಗಳಲ್ಲಿ ಎಷ್ಟೋ ಮಂದಿ ಕನ್ನಡ ಶಾಲೆಯಲ್ಲಿ ಓದಿದವರಾದರೂ. 1956ರಲ್ಲಿ ರಾಜ್ಯಗಳ ನಡುವೆ ಎಳೆದ ಗೆರೆ ಬ್ಯಾಂಕಿನ ಕೌಂಟರಿನ ಮೇಲೂ ಹಾದು ಹೋಗಿದೆ.

ಹೀಗಲ್ಲದೆ ಬೇರೆ ರೀತಿ ಮಾಡಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ, ಬೆಳ್ತಂಗಡಿ ತಾಲೂಕಿನ ಉಜಿರೆಗೆ ಹೋದರೆ ಸಾಕು. 1982ರಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಅಲ್ಲಿ ರುಡ್‌ಸೆಟ್ ಸಂಸ್ಥೆ ತೆರೆಯಿತು. ಕೆಲಸವಿಲ್ಲದ ಯುವಕರಿಗೆ ಊಟ ವಸತಿ ಉಚಿತ, ಕೆಲವೇ ವಾರಗಳ ತರಬೇತಿ, ಪಾಠ ಕನ್ನಡದಲ್ಲಿ, ಮುಗಿದ ಮೇಲೆ ಸಾಲಕ್ಕೆ ಬ್ಯಾಂಕಿನ ಸಂಪರ್ಕ, ಆಮೇಲೂ ಬಿಡದೆ ವಿಚಾರಣೆ. ಕೇಂದ್ರ ಸರಕಾರ ಇದನ್ನೇ ಮಾದರಿ ಮಾಡಿಕೊಂಡು ದೇಶದ ಜಿಲ್ಲೆ ಜಿಲ್ಲೆಗೂ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆ ಹಂಚಿತು. ಉಜಿರೆಯ ಪಾಠ ದೇಶ ಸುತ್ತಿತು. ಅದರ ಜೊತೆಗಾರರಾಗಿದ್ದ ಎರಡು ಬ್ಯಾಂಕು ಈಗ ಒಂದೇ ಆಗಿದೆ.

ಆದ್ದರಿಂದ ಪ್ರಾದೇಶಿಕ ಆರ್ಥಿಕತೆಯ ಸಭೆಗೆ ಯಾರಾದರೂ ನನ್ನನ್ನು ಕರೆದರೆ (ಕರೆಯುವುದಿಲ್ಲ ಬಿಡಿ) ಕೇಳುವುದು ಸ್ವಲ್ಪವೇ. ಇಂತಿಷ್ಟು ಲಕ್ಷದವರೆಗಿನ ಸಾಲ, ಕಂತಿನ ಹೊಂದಾಣಿಕೆ ಎರಡನ್ನೂ ಶಾಖೆಯಲ್ಲೇ ತೀರ್ಮಾನಿಸಲಿ. ಹಾಳೆ, ಗೇರು, ಅಡಿಕೆ ಸುಲಿಯುವ ಕೆಲಸಗಳ ಸಾಲಕ್ಕೆ ಕಂತು ತಿಂಗಳಿಗೆ ಬದಲು ಹಂಗಾಮಿಗೆ ಇರಲಿ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಶಾಖೆಗಳಲ್ಲಿ ಕನ್ನಡ ಬಲ್ಲವರೊಬ್ಬರು, ಸಿಕ್ಕಿದರೆ ತುಳು ಬಲ್ಲವರು, ಕಡ್ಡಾಯವಾಗಿ ಇರಲಿ. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯಲ್ಲೂ ಹಾಗೆಯೇ. ಇದಕ್ಕೆ ಎಕರೆಗಟ್ಟಲೆ ಜಾಗ ಸ್ವಾಧೀನ ಮಾಡಬೇಕಿಲ್ಲ. ಪ್ರಧಾನ ಕಚೇರಿಯ ಒಂದೆರಡು ಸುತ್ತೋಲೆಯಲ್ಲಿ ಆಗುವ ಕೆಲಸ.